ಮಾವನ ಬೆಲ್ಲಿಗೊಂದು ಡ್ರೈವರ್

ನನ್ನ ಮಾವನವರಿಗೆ ಕಿವಿ ಮಂದ, ಹಠ ಜೋರು. ಚದುರಂಗದಲ್ಲಿ ನಡೆಸಿದ ಕುದುರೆಯನ್ನು ಹಿಂದಕ್ಕೆ ತೆಗೆದುಕೊಂಡನೆಂದು ಗೆಳೆಯನೊಡನೆ ಜಗಳವಾಡಿ ಮಾತು ಬಿಟ್ಟರು. ಬಿಟ್ಟಮೇಲೆ ಊಟ ಸೇರಲಿಲ್ಲ. ಆತ ಬಂದು ಬೆಲ್ ಒತ್ತಿ, ತಮಗೆ ಕೇಳಿಸದೆ ವಾಪಸು ಹೋಗಿಬಿಟ್ಟರೆ ಎಂಬ ಭಯಕ್ಕೆ ಆಗಾಗ ಎದ್ದು ಬಾಗಿಲು ತೆಗೆದು ನೋಡುತ್ತಿದ್ದರು.

ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಮಾತು ನಡೆಸಿಕೊಡುವ ಡ್ರೈವರ್ ಎಂಬ ಪ್ರೋಗ್ರಾಂ ಬರೆಯುವುದು ನನ್ನ ಕಸುಬು. ಬೆಲ್ಲಿನ ಸ್ವಿಚ್ಚನ್ನು ಹಳೆಯ ಕಂಪ್ಯೂಟರಿಗೆ ಜೋಡಿಸಿ, ಒತ್ತಿದರೆ ಮಾವನ ಕುರ್ಚಿಯೆದುರು ಕೆಂಪು ದೀಪ ಹೊತ್ತುವಂತೆ ಮಾಡಲು ಹೊರಟೆ. ಕಂಪ್ಯೂಟರೇ ಸ್ವಿಚ್ಚನ್ನು ಪದೇಪದೇ ವಿಚಾರಿಸಬೇಕೋ, ಇಲ್ಲ ಸ್ವಿಚ್ಚೇ ಕಂಪ್ಯೂಟರನ್ನು ಕೂಗಿ ಕರೆಯಬೇಕೋ ಎನ್ನುವುದೊಂದು ತೀರ್ಮಾನವಾಗಬೇಕಿತ್ತು.

"ಸೆಕೆಂಡಿಗೊಂದ್ಸಲ ವಿಚಾರಿಸಿದ್ರೆ ಸಾಕು ಕಣೇ, ಸುಮ್ನೆ ತಲೆ ಕೆಡಿಸ್ಕೋಬೇಡ," ಎಂದರು ನನ್ನ ಯಜಮಾನರು. ಅವರದೂ ಇದೇ ಕಸುಬು. ಸೋಮಾರಿತನಕ್ಕೆ ಸರಳತೆ ಎಂದು ಹೆಸರಿಡುವುದರಲ್ಲಿ ನಿಸ್ಸೀಮರು. ಹಾಗೇ ಬರೆದೆ. ದೀಪ ಹೊತ್ತಲೇ ಇಲ್ಲ. ಅಷ್ಟರಲ್ಲಿ ಎದುರುಮನೆಯಾಕೆ, "ನಿಮ್ಮ ಮಾವನ ಸ್ನೇಹಿತ್ರು ದಿನಾ ಬಂದು ಬೆಲ್ ಮುಟ್ಟಿ ಹೋಗ್ತಾರಲ್ಲ!" ಎಂದಾಗ ತಪ್ಪು ಹೊಳೆಯಿತು. ಕಂಪ್ಯೂಟರ್ ಒಮ್ಮೆ ವಿಚಾರಿಸಿ ಮತ್ತೊಮ್ಮೆ ವಿಚಾರಿಸುವಷ್ಟರಲ್ಲಿ ಆ ಮಹಾನುಭಾವರು ಒತ್ತಿ ಬೆರಳು ತೆಗೆದಾಗಿರುತ್ತಿತ್ತು.

ಗಂಡನನ್ನು ಚೆನ್ನಾಗಿ ಝಾಡಿಸಿ, ಸ್ವಿಚ್ಚೇ ಕೂಗುವಂತೆ ಬದಲಾಯಿಸಿದೆ. ಈಗ ಬೀದಿಯಲ್ಲಿ ಲಾರಿ ಹೋದರೂ ಹಳೇ ಸ್ವಿಚ್ಚು ಅದುರಿ ಕೂಗತೊಡಗಿತು. ದೀಪ ಹೊತ್ತಿದಾಗಲೆಲ್ಲ ಮಾವ ಬಾಗಿಲಿಗೆ ಓಡಿದರು. "ನಿನ್ನ ಕಂಪ್ಯೂಟರಿಗೆ ಹುಚ್ಚು ಹಿಡಿದಿದ್ಯೇನಮ್ಮಾ?" ಎಂದು ಏದುಸಿರು ಬಿಟ್ಟರು. ಕೊನೆಗೆ, ಕೂಗು ಕೇಳಿದ ಕೂಡಲೇ ನಂಬದೆ, ರೆಪ್ಪೆ ಅರ್ಧ ಇಳಿಯುವಷ್ಟು ಹೊತ್ತು ತಡೆದು, ಸ್ವಿಚ್ಚು ಇನ್ನೂ ಒತ್ತಿಕೊಂಡಿದ್ದರಷ್ಟೇ ದೀಪ ಹೊತ್ತಿಸುವಂತೆ ಬರೆದೆ. ಲಾರಿಗಳ ಕಾಟ ನಿಂತಿತು.

ಮರುದಿನ ಸಂಜೆ ದೀಪ ಹೊತ್ತಿತು. ಇಷ್ಟು ದಿನ ಕಾದಿದ್ದ ಮಾವ ಕೂತೇ ಇದ್ದರು!

"ಇನ್ನೊಂದ್ಸಲ ಒತ್ತಲಿ," ಎಂದು ಮುಖ ಊದಿಸಿಕೊಂಡರು.

ನನಗೆ ಮೈಯೆಲ್ಲ ಉರಿದುಹೋಯಿತು. "ಮಾವಾ, ಏಳ್ತೀರೋ ಇಲ್ವೋ?" ಎಂದು ಕಿವಿಯ ಬಳಿ ಚೀರಿದೆ. ಎದ್ದವರು ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಓಡಿದರು. ಆಗಲೇ ಅರ್ಧದಷ್ಟು ಮೆಟ್ಟಿಲು ಇಳಿದಿದ್ದ ಗೆಳೆಯ ತಿರುಗಿ ಬೆಪ್ಪಾಗಿ ನಿಂತರು.

"ತೆಗೆದೇಬಿಟ್ಯಾ?" ಎಂದರು ಮೆಲ್ಲಗೆ. "ನಿಂಗೆ ಕೇಳ್ಸಲ್ಲ ಅನ್ನೋ ಧೈರ್ಯದ ಮೇಲೇ ಕಣೋ ನಾನು ದಿನಾ ಒತ್ತಿ ಹೋಗ್ತಿದ್ದಿದ್ದು."

ಮಾವ ನನ್ನತ್ತ ತಿರುಗಿದರು. "ಏನಂತೆ ಇವನದು?"

"ನಿಮ್ಮನ್ನ ಬಿಟ್ಟಿರೋಕೆ ಆಗಲ್ವಂತೆ ಮಾವ," ಎಂದು ಕೂಗಿದೆ.

"ಮತ್ತೆ ಪಿಸುಗುಟ್ತಾನ್ಯಾಕೆ? ಒಳಗೆ ಬಂದು ಜೋರಾಗಿ ಹೇಳಕ್ಕೆ ಹೇಳು," ಎಂದು ಮಾವ ಗೆಳೆಯನ ತೋಳು ಹಿಡಿದು ಎಳೆದುಕೊಂಡೇ ಬಂದರು.