ನಿಂತು ಉಣ್ಣುವವರ ಮೊಣಕಾಲು

ಸೂರ್ಯ ಹುಟ್ಟುವ ಮೊದಲು ಒಲೆ ಹೊತ್ತಿಸುವಂತಿರಲಿಲ್ಲ. ಚಂದ್ರಾಬಾಯಿ ಮಿರಜಿನ ತನ್ನ ಮನೆಯ ಅಂಗಳಕ್ಕೂ ಅಡುಗೆಮನೆಗೂ ನಾಲ್ಕು ಸಲ ಓಡಾಡಿದಳು. ಹುಣಸೆಹಣ್ಣನ್ನು ರಾತ್ರಿಯೇ ನೆನೆ ಹಾಕಿದ್ದರೆ ಕೆಲಸ ಬೇಗ ಆಗುತ್ತಿತ್ತು. ಆದರೆ ನೆನೆದದ್ದರಲ್ಲಿ ಜೀವಿಗಳು ಹುಟ್ಟುತ್ತವೆ. ಜೈನರ ಮನೆಯಲ್ಲಿ ಹಾಗೆ ಮಾಡುವುದಿಲ್ಲ.

ಪಕ್ಕದ ಬಸದಿಯಲ್ಲಿ ಬಂದು ಇಳಿದಿದ್ದ ಮುನಿ ಹನ್ನೊಂದು ವರ್ಷದ ಹಿಂದಿನವರೆಗೂ ಅವಳ ಗಂಡ ಪಾಯಪ್ಪ. ಈಗ ಅವಳೂ ಎಲ್ಲರಂತೆ ‘ಮಹಾರಾಜರು’ ಎನ್ನಬೇಕು, ದೂರ ನಿಲ್ಲಬೇಕು. ಮುನಿಗಳು ದಿನಕ್ಕೊಮ್ಮೆ, ನಿಂತೇ, ಬೊಗಸೆಯಲ್ಲಿ ಉಣ್ಣುತ್ತಾರೆ. ನಿಲ್ಲಲಾಗದಿದ್ದರೆ ಊಟ ಬಿಟ್ಟು ಸಲ್ಲೇಖನದಲ್ಲಿ ದೇಹ ಬಿಡಬೇಕು. ನಿನ್ನೆ ಮೂರನೆಯ ತುತ್ತಿಗೆ ಅವರ ಮೊಣಕಾಲು ಕುಸಿದು ಬೊಗಸೆ ಬಿಚ್ಚಿತ್ತು; ಬಿಚ್ಚಿದರೆ ಆ ದಿನದ ಊಟ ಮುಗಿದಂತೆ. ಬಸದಿಯ ಹಿರಿಯ ಆದಪ್ಪನಿಗೆ ಆಗಲೇ ಹುರುಪು ಬಂದಿತ್ತು.

“ಪುಣ್ಯಾ ಮಾಡೀರಿ, ಬಾಯಿ. ನಮ್ಮ ಮಿರಜಿನ್ಯಾಗ ಸಲ್ಲೇಖನ ಆಗೂದಂದ್ರ! ಸಾಂಗಲಿಯಿಂದ ಗಾಡಿ ಕಟಗೊಂಡ ಮಂದಿ ಬರ್ತಾರ. ಮಾಮಲೇದಾರ ಸಾಹೇಬರಿಗೂ ಹೇಳಿಕಳಸೂಣು.”

“ನಿಮ್ಮ ಮೊಣಕಾಲ ಹೆಂಗದಾವರಿ?” ಎಂದಿದ್ದಳು ಚಂದ್ರಾಬಾಯಿ.

“ನನಗೇನಾಗೇತಿ? ಗಟ್ಟಿ ಅದಾವ.”

“ಹಂಗಾರ ಸುಮ್ಮನ ಮನಿಗೆ ನಡೀರಿ.”

ಬೆಳಕಾಯಿತು. ಸೋಸಿದ ನೀರು ಕಾಸಿ ಹುಣಸೆಹಣ್ಣಿನ ಮೇಲೆ ಸುರಿದಳು. ಆರುವ ಮೊದಲೇ ಕೈ ಹಾಕಿ ಕಿವುಚಿ, ನಾರು ಬೀಜ ತೆಗೆದು, ಉಪ್ಪು, ಅರಿಷಿಣಪುಡಿ ಹಾಕಿ ಕುದಿಸಿದಳು. ಬಾವಿಗೆ ಹಚ್ಚುವ ಲೇಪ ಗಟ್ಟಿಯಾಗಿ ಸಿಡಿಯತೊಡಗಿತು.

ಮಗ ಧನ್ಯಕುಮಾರ ಬಾಗಿಲಲ್ಲಿ ನಿಂತಿದ್ದ. “ಅವ್ವಾ, ತಮ್ಮ ಸಲುವಾಗಿ ಮಾಡಿದ್ದು ಮಹಾರಾಜರು ಮುಟ್ಟಂಗಿಲ್ಲ. ಕೇಳ್ತಾರ. ನಾ ಸುಳ್ಳ ಹೇಳಾಂವಲ್ಲ.”

“ನಿನಗ ಯಾರ ಹೇಳಂದ್ರು? ಅತ್ಲಾಗ ಮುಖಾ ಮಾಡು.”

ಸೀರೆ ಸರಿಸಿ ಬಿಸಿ ಲೇಪವನ್ನು ತನ್ನ ಮೊಣಕಾಲಿಗೆ ಮೆತ್ತಿಕೊಂಡು ಹಲ್ಲು ಕಚ್ಚಿದಳು. “ನನ್ನ ಸಲುವಾಗಿ ಮಾಡೇನಿ. ಉಳದದ್ದು ತೊಗೋ, ನಡಿ.”

ಬಸದಿಯಲ್ಲಿ ಮುನಿ ಹಲಗೆಯ ಮೇಲೆ ಕುಳಿತಿದ್ದರು. ಮೊಣಕಾಲು ಬಾತಿದ್ದವು. ಧನ್ಯಕುಮಾರ ಬಟ್ಟಲು ಹಿಡಿದು ಬಗ್ಗಿದ.

“ಯಾರ ಸಲುವಾಗಿ ಮಾಡಿದ್ದು?” ಎಂದರು.

ದೂರದ ಕಂಬದ ಬಳಿಯಿಂದ ಚಂದ್ರಾಬಾಯಿಯೇ ಹೇಳಿದಳು: “ನನ್ನ ಸಲುವಾಗಿರಿ.”

“ಕಾಲ ನೋಯ್ತಾವೇನು, ಬಾಯಿ?”

“ನೋಯ್ತಾವರಿ. ಹನ್ನೊಂದು ವರ್ಷ ಆತು.”

ಆದಪ್ಪ ಕೆಮ್ಮಿದ. ಮುನಿ ಬಟ್ಟಲನ್ನೊಮ್ಮೆ ನೋಡಿದರು. ಇಪ್ಪತ್ತು ವರ್ಷ ಅವಳೊಡನೆ ಸಂಸಾರ ಮಾಡಿದವರಿಗೆ ಅವಳ ಮಾತಿನ ಒಳಗು ಗೊತ್ತಾಗದೆ ಇರಲಿಲ್ಲ. ಆಮೇಲೆ ಕಾಲು ಚಾಚಿದರು.

ಆ ದಿನ ಎಂಟು ತುತ್ತು. ಮರುದಿನ ಹದಿನಾಲ್ಕು. ಅವರು ಉಣ್ಣುತ್ತಿದ್ದುದು ಎದುರುಮನೆಯಲ್ಲಿ. ಚಂದ್ರಾಬಾಯಿ ಬಾಗಿಲ ಸಂದಿಯಿಂದ ಆ ಮೊಣಕಾಲುಗಳ ಮೇಲೆ ಕಣ್ಣಿಟ್ಟು ತುತ್ತು ಎಣಿಸುತ್ತಿದ್ದಳು. ದಿನವೂ ಮೊದಲು ತಾನು ಮೆತ್ತಿಕೊಂಡು ಆಮೇಲೆ ಬಟ್ಟಲು ಕಳಿಸಿದಳು. ಅವಳ ಚರ್ಮ ಎದ್ದು ಬೊಬ್ಬೆ ಬಂತು. ಆರನೆಯ ದಿನ ಮುನಿ ಪೂರ್ತಿ ಉಂಡು, ನೀರು ಕುಡಿದು, ನೆಟ್ಟಗೆ ನಿಂತರು.

ಏಳನೆಯ ದಿನ ಅವಳು ಒಲೆ ಊದುತ್ತಿದ್ದಾಗ ಮಗ ಓಡಿಬಂದ. “ಅವ್ವಾ, ಮಹಾರಾಜರು ಹೊಂಟ್ರು. ಮ್ಹೈಸಾಳದ ಹಾದಿ ಹಿಡದಾರ. ಕಾಲ ನೆಟ್ಟಗಾದ ಮ್ಯಾಲ ಒಂದ ಊರಾಗ ಇರಬಾರದಂತ.”

ಅವಳು ಹೊರಬಂದಳು. ದಾರಿಯ ತುದಿಯಲ್ಲಿ ಬತ್ತಲೆ ಬೆನ್ನೊಂದು ಬೇಗ ಬೇಗ ಸಣ್ಣದಾಗುತ್ತಿತ್ತು.

“ಏನರ ಅಂದ್ರೇನು?”

“ಇಲ್ಲ.”

“ಹೋಗ್ಲಿ. ನಾಕ ಮಂದಿ ಹೊತಗೊಂಡ ಹೊಂಟಿಲ್ಲಲ್ಲ.”

ಒಳಗೆ ಹೋದಳು. ಕೂರಲಿಲ್ಲ. ಮತ್ತೆ ಹೊರಬಂದಳು.

“ಮ್ಹೈಸಾಳದಾಗ ನಮ್ಮವ್ರು ಯಾರ ಅದಾರ?”

“ಶಾಲನ ಮಾವಶಿ.”

“ಓಡು. ಆಕಿ ಮೊಣಕಾಲ ನೋಯ್ತಾವೇನ ಕೇಳು.”

“ನೋಯಂಗಿಲ್ಲಂದ್ರ?”

“ಇವತ್ತಿಂದ ನೋಯ್ತಾವಂತ ಹೇಳು.”