ಕೆಂದನಿಗೆ ಕರೆಂಟು

ಬ್ಯಾಟರಿಯಲ್ಲಿ ಓಡುವ ಯಾವ ವಸ್ತುವಿನ ಮೇಲೂ ಇಟ್ಟಮಡುವಿನ ಚಿಕ್ಕಬೈರಪ್ಪನವರಿಗೆ ಗೌರವವಿರಲಿಲ್ಲ. ಅಳಿಯ ಹೊಸ ಬ್ಯಾಟರಿ ಸ್ಕೂಟರಿನಲ್ಲಿ ಸಂಭ್ರಮದಿಂದ ಬಂದು ಗೇಟಿನ ಮುಂದೆ ನಿಂತಾಗ, "ಬನ್ನಿ ಬನ್ನಿ, ಮೊಬೈಲ್ ಮೇಲೆ ಕೂತ್ಕೊಂಡು ಬಂದ್ರಾ?" ಎಂದು ಸ್ವಾಗತಿಸಿದ್ದರು. ಆ ಮನುಷ್ಯ ಕಾಫಿಯನ್ನೂ ಕುಡಿಯದೆ ವಾಪಸು ಹೋದ. ಬ್ಯಾಟರಿ ಆಟೋ ಕಂಡರೆ ಮೂಗು ಮುರಿಯುವರು, ಬ್ಯಾಟರಿ ಬಸ್ಸು ಬಂದರೆ ಹತ್ತದೆ ಮುಂದಿನದಕ್ಕೆ ಕಾಯುವರು. ಇನ್ನು ಬ್ಯಾಟರಿ ದೋಣಿ ಎಂದರಂತೂ ಮುಗಿದೇ ಹೋಯಿತು. "ಸದ್ದಿಲ್ಲ, ಹೊಗೆಯಿಲ್ಲ, ವಾಸ್ನೆಯಿಲ್ಲ. ತೇಲೋ ಹೆಣ ಕಣ್ರಯ್ಯಾ ಅದು. ಹೆಣಕ್ಕಾದ್ರೂ ವಾಸ್ನೆ ಇರ್ತದೆ" ಎನ್ನುತ್ತಿದ್ದರು.

ದೋಣಿ ಎಂದರೆ ಮನುಷ್ಯರು ಕೂರುವ ದೋಣಿಯಲ್ಲ. ತೋಳುದ್ದದ ರೇಸ್ ದೋಣಿ. ರಿಮೋಟ್ ಹಿಡಿದು ದಡದ ಮೇಲೆ ನಿಂತು, ನೀರಿನಲ್ಲಿ ತೇಲಿಬಿಟ್ಟ ಚೆಂಡುಗಳ ಸುತ್ತ ಅದನ್ನು ಓಡಿಸಬೇಕು. ಭಾನುವಾರ ಬೆಳಿಗ್ಗೆ ಕೆರೆಯ ಹತ್ತಿರ ಇಂಥ ಹುಚ್ಚಿನವರು ಒಂದಷ್ಟು ಜನ ಸೇರುತ್ತಿದ್ದರು. ಚಿಕ್ಕಬೈರಪ್ಪನವರ ದೋಣಿಯ ಹೆಸರು ಕೆಂದ. ಅವರ ತಂದೆ ಇದೇ ನೆಲವನ್ನು ಉಳುತ್ತಿದ್ದಾಗ ಇದ್ದ ಕೆಂಪು ಎತ್ತಿನ ಹೆಸರು ಅದು. ಹೊಲ ಹೋಗಿ, ಹೊಲದ ಮೇಲೆ ಮನೆಗಳೆದ್ದು, ಆ ಮನೆಗಳಿಗೆ ಇವರೇ ಮಾಲೀಕರಾಗಿ, ಮಾಡಲು ಕೆಲಸವಿಲ್ಲದೆ ಕುಳಿತಾಗ ಹತ್ತಿದ ಹುಚ್ಚು. ಕೆಂದನ ಹೊಟ್ಟೆಯಲ್ಲಿ ಮುಷ್ಟಿಗಾತ್ರದ ಎಂಜಿನ್ನು. ಕುಡಿಯುವುದು ಹರಳೆಣ್ಣೆ ಬೆರೆಸಿದ ಮೆಥನಾಲ್. ಚಾಲೂ ಮಾಡಿದರೆ ಪಟಾಕಿ ಸರಕ್ಕೆ ಬೆಂಕಿಯಿಟ್ಟಂಥ ಸದ್ದು.

ಆ ಸದ್ದೇ ಚಿಕ್ಕಬೈರಪ್ಪನವರ ವಿದ್ಯೆ. ಎಂಜಿನ್ನಿನ ಪಕ್ಕಕ್ಕೇ ಕಿವಿಯೊಡ್ಡಿ, ಇಂಧನದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, "ಹಾಂ, ಈಗ ಹಾಡ್ತಾವ್ನೆ" ಎನ್ನುವರು. ಯಾರ ಎಂಜಿನ್ನು ಕೆಮ್ಮಿದರೂ ಅವರ ಬಳಿಗೇ ಬರುತ್ತಿತ್ತು. ಬಂದವರಿಗೆಲ್ಲ ಮೊದಲು ಬೈಗುಳ, ಆಮೇಲೆ ರಿಪೇರಿ. "ಮೀಟ್ರು ಗೀಟ್ರು ಎಲ್ಲ ನಿಮಗೆ. ನನಗೆ ದೇವ್ರು ಕಿವಿ ಕೊಟ್ಟವ್ನೆ." ಬೇರೆ ಎಲ್ಲದರಲ್ಲೂ ಅವರಿಗೆ ಕೊರತೆಯೇ ಕಾಣುತ್ತಿತ್ತು. ಮನೆಯ ಕಾಲಿಂಗ್ ಬೆಲ್ ಕೂಗುವುದಿಲ್ಲವೆಂದು ಬದಲಾಯಿಸಿದರು. ಹೊಸದೂ ಕೂಗಲಿಲ್ಲ. ಚೀನಾ ಮಾಲೆಂದು ಅಂಗಡಿಯವನನ್ನು ಬೀದಿಯಲ್ಲಿ ನಿಲ್ಲಿಸಿ ಉಗಿದರು.

ಇಂಥವರ ಸುಖಕ್ಕೆ ಕಲ್ಲು ಹಾಕಿದ್ದು ಕೆರೆಯ ಸಂಘ. ಅಪ್ಪ ಎತ್ತು ತೊಳೆಯುತ್ತಿದ್ದ ಕೆರೆಗೆ ಈಗ ಬೇಲಿ ಬಂದಿತ್ತು, ವಾಕಿಂಗ್ ಟ್ರ್ಯಾಕ್ ಬಂದಿತ್ತು, ದಾನಿಗಳ ಹೆಸರು ಕೆತ್ತಿದ ಕಲ್ಲುಬೆಂಚು ಬಂದಿತ್ತು. ನಿನ್ನೆ ಮೊನ್ನೆ ಅಪಾರ್ಟ್‌ಮೆಂಟಿಗೆ ಬಂದಿಳಿದ ಜನ ಕೆರೆಯನ್ನು ಉದ್ಧಾರ ಮಾಡಲು ಸೊಂಟ ಕಟ್ಟಿದ್ದರು. ಸಂಘದ ಕಾರ್ಯದರ್ಶಿ ಸುಧಾಮಣಿ ಎಂಬಾಕೆ. ಬಿಳಿ ಟೋಪಿ ಹಾಕಿಕೊಂಡು ಬಿರಬಿರನೆ ನಡೆಯುವ ಹೆಂಗಸು. ಎಂಜಿನ್ ದೋಣಿಗಳ ಗಲಾಟೆಗೆ ಹಕ್ಕಿಗಳು ಹಾರಿಹೋಗುತ್ತವೆ, ವಾಕಿಂಗಿನವರಿಗೆ ತಲೆನೋವು, ಇನ್ನು ಮೇಲೆ ಸದ್ದು ಮಾಡದ ಬ್ಯಾಟರಿ ದೋಣಿಗಳಿಗೆ ಮಾತ್ರ ಅವಕಾಶ ಎಂದು ಆಕೆ ಬೋರ್ಡು ಹಾಕಿಸಿದರು.

"ಮೇಡಂ, ಈ ಕೆರೇಲಿ ನಮ್ಮಪ್ಪ ಎತ್ತು ತೊಳೀತಿದ್ರು" ಎಂದು ಚಿಕ್ಕಬೈರಪ್ಪನವರು ಎದೆಯುಬ್ಬಿಸಿ ಹೇಳಿದರು.

"ಗೊತ್ತು ಅಂಕಲ್. ಆ ಎತ್ತು ಸೌಂಡ್ ಮಾಡ್ತಿರ್ಲಿಲ್ಲ" ಎಂದು ಸುಧಾಮಣಿ ನಡೆದೇಬಿಟ್ಟರು.

ಉಳಿದವರು ಒಬ್ಬೊಬ್ಬರಾಗಿ ಬ್ಯಾಟರಿಗೆ ಮತಾಂತರವಾದರು. ಚಿಕ್ಕಬೈರಪ್ಪನವರು ಮಾತ್ರ ಹಟ ಹಿಡಿದು, ಭಾನುವಾರವಾದರೆ ಬರಿಗೈಯಲ್ಲಿ ದಡಕ್ಕೆ ಬಂದು ಎಲ್ಲರನ್ನೂ ಆಡಿಕೊಳ್ಳುತ್ತ ನಿಲ್ಲುವರು. "ಏನ್ರಪ್ಪಾ, ಯಾರ್ದು ಸಾವು? ಇಷ್ಟು ಮೌನ!" ಎನ್ನುವರು. ಎಲ್ಲರೂ ನಗುತ್ತಿದ್ದರು. ಅವರು ತಮಾಷೆ ಮಾಡುತ್ತಿದ್ದಾರೆ ಎಂದೇ ಎಲ್ಲರೂ ತಿಳಿದಿದ್ದರು.

ಆದರೆ ಆಡಿಕೊಳ್ಳುವುದರಿಂದ ಎಷ್ಟು ದಿನ ಹೊಟ್ಟೆ ತುಂಬುತ್ತದೆ? ಬರಬರುತ್ತ ಯಾರೂ ಅವರ ಹತ್ತಿರ ಎಂಜಿನ್ನು ತರಲಿಲ್ಲ. ತರಲು ಯಾರ ಬಳಿಯೂ ಎಂಜಿನ್ನೇ ಇರಲಿಲ್ಲ. ಕೆರೆಯೊಂದು ತಪ್ಪಿದರೆ ತಾನು ಬರೀ ಮನೆ ಓನರ್ರು, ನಲ್ಲಿ ಸೋರಿದಾಗ ನೆನಪಾಗುವ ಮುದುಕ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೆಂದ ನೀರಿನ ಮೇಲಿರಬೇಕು, ದಡದ ಮೇಲೆ ತಾನಿರಬೇಕು. ಬೇರೇನೂ ಅವರಿಗೆ ಬೇಕಿರಲಿಲ್ಲ. ಒಂದು ಸಂಜೆ ಅವಮಾನ ನುಂಗಿಕೊಂಡು ಹನುಮಂತನಗರದ ಸಿದ್ಧಾರ್ಥನಿಗೆ ಫೋನ್ ಮಾಡಿದರು. ಸಿದ್ಧಾರ್ಥ ಬ್ಯಾಂಕಿನಲ್ಲಿ ಆಫೀಸರು. ಎಲ್ಲರಿಗಿಂತ ಮೊದಲು ಬ್ಯಾಟರಿಗೆ ಹೋದವನೂ, ಆ ಕಾರಣಕ್ಕೆ ಅವರಿಂದ ಅತಿ ಹೆಚ್ಚು ಬೈಸಿಕೊಂಡವನೂ ಅವನೇ.

ಸಿದ್ಧಾರ್ಥ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಬಂದ. ಮನೆಯ ಹಿಂದಿನ ಶೆಡ್ಡಿನಲ್ಲಿ ಕೆಂದನನ್ನು ಸ್ಟ್ಯಾಂಡಿನ ಮೇಲೆ ಮಲಗಿಸಿ ಎಂಜಿನ್ನು ಬಿಚ್ಚಿದ, ಇಂಧನದ ಡಬ್ಬಿ ತೆಗೆದ, ಎಣ್ಣೆ ಕುಡಿದು ಕಪ್ಪಾಗಿದ್ದ ಮರದ ಪಟ್ಟಿಗಳನ್ನು ಕೆತ್ತಿ ಹಾಕಿದ. ಅಲ್ಲಿಗೆ ಅಲ್ಯೂಮಿನಿಯಂ ತಗಡು ಬಿಗಿದು ಮೋಟರು ಕೂರಿಸಿದ. ಬ್ಯಾಟರಿಗಳು ಎರಡೂ ಮಗ್ಗುಲಿಗೆ ಒಂದೊಂದು. ಹಿಂದಕ್ಕೆ ಭಾರ ಹೆಚ್ಚಾದರೆ ಮೂತಿ ಎತ್ತುತ್ತದೆ, ಮುಂದಕ್ಕೆ ಹೆಚ್ಚಾದರೆ ನೀರಿಗೆ ಮೂತಿ ತೂರಿಸುತ್ತದೆ ಎಂದು ಬೆರಳ ಮೇಲೆ ದೋಣಿಯನ್ನು ತೂಗಿ ತೂಗಿ ಬ್ಯಾಟರಿಗಳನ್ನು ಅತ್ತ ಇತ್ತ ಸರಿಸಿದ.

"ಗಂಡಸಿನ ಎದೆ ಬಗೆದು ಟಾರ್ಚ್ ಸೆಲ್ ಇಟ್ಟಂಗಾಯ್ತು" ಎಂದರು ಚಿಕ್ಕಬೈರಪ್ಪ.

"ಅಣ್ಣ, ಈ ಸಣ್ಣ ಪೈಪ್ ನೋಡಿ. ದೋಣಿ ಓಡ್ವಾಗ ಕೆರೆ ನೀರು ಇದ್ರಲ್ಲಿ ಬಂದು ಮೋಟರ್ ತಣ್ಣಗಿಡುತ್ತೆ. ನೆಲದ ಮೇಲೆ ಜಾಸ್ತಿ ಓಡಿಸ್ಬೇಡಿ, ಸುಟ್ಟೋಗುತ್ತೆ."

"ನೀರು ಕುಡಿಸ್ಕೊಂಡು ಓಡೋ ಎಂಜಿನ್ನು! ಸರಿ ಬಿಡಪ್ಪ."

ಹುಷಾರಿಗೆಂದು ದೋಣಿಯನ್ನು ತಳ್ಳುವ ಪ್ರೊಪೆಲ್ಲರ್ ಬಿಚ್ಚಿಟ್ಟು, ಬ್ಯಾಟರಿ ಜೋಡಿಸಿ, ಸಿದ್ಧಾರ್ಥ ಕೈ ತೊಳೆಯಲು ಹೋದ. ಚಿಕ್ಕಬೈರಪ್ಪನವರ ಕೈ ಸುಮ್ಮನಿರಬೇಕಲ್ಲ. ರಿಮೋಟಿನ ಟ್ರಿಗರ್ ಮೆಲ್ಲಗೆ ಒತ್ತಿದರು. ಏನೂ ಇಲ್ಲ. ಇನ್ನಷ್ಟು ಒತ್ತಿದರು. ಏನೂ ಇಲ್ಲ. ಅಭ್ಯಾಸಬಲದಿಂದ ದೋಣಿಯ ಪಕ್ಕಕ್ಕೇ ಕಿವಿಯೊಡ್ಡಿ ಪೂರ್ತಿ ಒತ್ತಿ ಹಿಡಿದರು. ಗಾಳಿ ಸುಳಿದಂತಾಯಿತೇ ಹೊರತು ಮತ್ತೇನಿಲ್ಲ. ಬ್ಯಾಂಕಿನವನ ಕೈಗೆ ಕೆಲಸ ಕೊಟ್ಟರೆ ಆಗುವುದೇ ಹೀಗೆ ಎಂದುಕೊಳ್ಳುತ್ತ ಒತ್ತಿ ಹಿಡಿದೇ ನಿಂತರು.

ಅಷ್ಟರಲ್ಲಿ ಹೆಂಡತಿ ಮುನಿವೆಂಕಟಮ್ಮ ಅಡುಗೆಮನೆಯಿಂದ ಓಡಿಬಂದರು. ಎರಡೂ ಕಿವಿಗೆ ಸೆರಗು ಒತ್ತಿಕೊಂಡಿದ್ದರು. "ನಿಲ್ಲುಸ್ರೀ! ತಲೆ ಸೀಳೋಗ್ತದೆ!" ಎಂದು ಕೂಗಿದರು. ಹಿಂದೆಯೇ ಬಂದ ಸಿದ್ಧಾರ್ಥ ಬ್ಯಾಟರಿಯ ವೈರು ಕಿತ್ತ. ದೋಣಿಯೊಳಗಿನಿಂದ ಹೊಗೆ ಬರುತ್ತಿತ್ತು. ಮೋಟರು ಸುಟ್ಟಿತ್ತು.

"ಕೇಳಿಸ್ತಿರ್ಲಿಲ್ವಾ ಅಣ್ಣ ನಿಮ್ಗೆ?"

"ಏನು ಕೇಳಿಸ್ಬೇಕು? ಸದ್ದು ಮಾಡಿದ್ರೆ ತಾನೇ ಕೇಳ್ಸೋದು! ಸಾಯ್ವಾಗ್ಲೂ ಒಂದು ಉಸ್ರು ಬಿಡ್ದೆ ಸಾಯ್ತದಲ್ಲ ನಿನ್ನ ಮೋಟ್ರು."

ಸಿದ್ಧಾರ್ಥ ಮುನಿವೆಂಕಟಮ್ಮನವರ ಮುಖ ನೋಡಿದ. ಆಕೆ ಏನೋ ಹೇಳಹೊರಟರು. ಆದರೆ ಗಂಡನೊಡನೆ ವಾದಿಸಿ ಒಮ್ಮೆಯೂ ಗೆದ್ದವರಲ್ಲ. ಸೆರಗು ಕೊಡವಿಕೊಂಡು ಒಳಗೆ ಹೋದರು.

"ಇದಕ್ಕಿಂತ ದೊಡ್ಡದು ಹಾಕು. ಸ್ವಲ್ಪ ಜೀವ ಇರೋದು" ಎಂದು ಚಿಕ್ಕಬೈರಪ್ಪನವರು ಅಪ್ಪಣೆ ಮಾಡಿದರು.

"ಸೌಂಡ್ ಜಾಸ್ತಿ ಆಗುತ್ತೆ ಅಣ್ಣ."

ಇದನ್ನು ಕೇಳಿ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ದೊಡ್ಡ ಮೋಟರು ಬಂತು. ಮುಂದಿನ ಭಾನುವಾರ ಕೆಂದ ನೀರಿಗಿಳಿದ. ಸುಳ್ಳು ಯಾಕೆ ಹೇಳಬೇಕು, ಟ್ರಿಗರ್ ಒತ್ತಿದ ಕೂಡಲೇ ಅವನು ನೀರು ಬಿಟ್ಟು ಮೇಲೆದ್ದು ಹಾರಿದ್ದನ್ನು ಕಂಡು ಚಿಕ್ಕಬೈರಪ್ಪನವರ ಎದೆ ಝಲ್ಲೆಂದಿತು. ಹಳೆಯ ಎಂಜಿನ್ನು ಕನಸಿನಲ್ಲೂ ಕಾಣದ ವೇಗ. ಹಿಂದೆ ನೀರು ಕೋಳಿಜುಟ್ಟಿನ ಹಾಗೆ ಎದ್ದು ನಿಂತಿತು. ಅವರಿಗೆ ಸಂತೋಷವಾಯಿತು. ಯಾರಿಗೂ ಕಾಣದಿರಲೆಂದು ಮುಖ ಗಂಟು ಹಾಕಿಕೊಂಡು ಸಂತೋಷಪಟ್ಟರು.

ಎರಡು ಸುತ್ತು ಮುಗಿದಿರಲಿಲ್ಲ, ಬಿಳಿ ಟೋಪಿ ಬಿರಬಿರನೆ ಬಂತು. ಹಿಂದೆ ವಾಕಿಂಗಿನವರ ದಂಡು.

"ಅಂಕಲ್, ದಯವಿಟ್ಟು ನಿಲ್ಸಿ. ಮುಂಚೇನೇ ವಾಸಿ ಇತ್ತು. ಹೀಗಾದ್ರೆ ಎಲ್ಲಾ ದೋಣೀನೂ ಬ್ಯಾನ್ ಮಾಡ್ಬೇಕಾಗುತ್ತೆ. ಇಷ್ಟು ಸೌಂಡ್ ಇದ್ರೆ ಹೇಗೆ?"

ಚಿಕ್ಕಬೈರಪ್ಪನವರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಮರ್ಯಾದೆ ಬಿಟ್ಟು, ಎಂಜಿನ್ನು ಕಿತ್ತು, ಇವರು ಹೇಳಿದ ಹಾಗೆ ಕುಣಿದದ್ದಾಯಿತು. ಈಗ ಇಲ್ಲದ ಸದ್ದನ್ನು ಹುಟ್ಟಿಸಿಕೊಂಡು ಓಡಿಸಲು ಬಂದಿದ್ದಾರೆ! ಕೆಂದನನ್ನು ದಡದ ಹತ್ತಿರ ನಿಲ್ಲಿಸಿದರು. ಎಲ್ಲರಿಗೂ ಕೇಳುವಂತೆ ಗಂಟಲೆತ್ತಿದರು.

"ಸೌಂಡಾ? ಮೇಡಂ, ಸುಳ್ಳು ಹೇಳೋಕೂ ಒಂದು ಮಿತಿ ಬೇಕು. ಅಪಾರ್ಟ್‌ಮೆಂಟಲ್ಲಿ ಕೂತು ಕೂತು ನಿಮ್ ಕಿವಿ ಏನಾರಾ ಕೆಟ್ಟೋಗಿದ್ಯಾ? ಸಿದ್ಧಾರ್ಥ, ಬಾರೋ ಇಲ್ಲಿ. ಎಲ್ರೂ ಬನ್ನಿ. ಈಗ ಫುಲ್ಲು ಬಿಡ್ತೀನಿ. ಕೇಳಿ ಹೇಳಿ, ಎಲ್ಲದೆ ಸದ್ದು?"

"ಅಣ್ಣ, ಬೇಡ ಬಿಡಿ" ಎಂದು ಸಿದ್ಧಾರ್ಥ ಅವರ ತೋಳು ಹಿಡಿದ. ಕೊಡವಿ ಟ್ರಿಗರ್ ಒತ್ತಿದರು.

ಕೆಂದ ದಡದುದ್ದಕ್ಕೂ ಹಾರಿದ. "ಕೇಳಿ! ಎಲ್ಲದೆ?" ಎಂದು ವಿಜಯದ ನಗೆ ನಗುತ್ತ ಚಿಕ್ಕಬೈರಪ್ಪನವರು ಜನರತ್ತ ತಿರುಗಿದರು. ಸುಧಾಮಣಿ ಎರಡೂ ಕಿವಿ ಮುಚ್ಚಿಕೊಂಡಿದ್ದರು. ಅವರ ಹಿಂದಿನ ದಂಡು ಕಿವಿ ಮುಚ್ಚಿಕೊಂಡಿತ್ತು. ಬೆಂಚಿನ ಮೇಲಿದ್ದ ತಾಯಿಯೊಬ್ಬಳು ಕೂಸಿನ ಕಿವಿ ಮುಚ್ಚಿದ್ದಳು. ಅವರನ್ನೆಲ್ಲ ಸುಧಾಮಣಿಯೇ ಹೇಳಿಕೊಟ್ಟು ಕರೆತಂದಿರಬೇಕು ಎಂದುಕೊಂಡರು. ಆದರೆ ಸಿದ್ಧಾರ್ಥನೂ ಮುಖ ಕಿವುಚಿ ಕಿವಿಗೆ ಬೆರಳಿಟ್ಟಿದ್ದ.

ಟ್ರಿಗರ್ ಬಿಟ್ಟರು. ಎಲ್ಲರ ಕೈಗಳೂ ಕೆಳಗಿಳಿದವು. ಮತ್ತೆ ಒತ್ತಿದರು. ಕೈಗಳೆಲ್ಲ ಒಟ್ಟಿಗೇ ಮೇಲೇರಿದವು. ಬಿಟ್ಟರು, ಇಳಿದವು. ಇನ್ನೊಮ್ಮೆ ಒತ್ತಿ ನೋಡುವ ಧೈರ್ಯ ಅವರಿಗೆ ಬರಲಿಲ್ಲ. ಇಷ್ಟು ವರ್ಷ ಎಂಜಿನ್ನಿನ ಬಾಯಿಗೆ ಒಡ್ಡಿ ಒಡ್ಡಿ, ಜನರ ಮಾತು ಕೇಳುತ್ತಿದ್ದರೂ ಇಂಥ ಕೀರಲು ಸದ್ದಿಗೆ ಕಿವಿ ಯಾವತ್ತೋ ಹೋಗಿತ್ತು, ತಮಗೊಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.

ಸುಧಾಮಣಿ ಅವರ ಮುಖವನ್ನೇ ನೋಡುತ್ತಿದ್ದರು. ಆಕೆಗೂ ಅರ್ಥವಾಗಿತ್ತು. ಆಕೆ ಜಗಳ ಮುಂದುವರಿಸಲಿ ಎಂದು ಚಿಕ್ಕಬೈರಪ್ಪನವರು ಮನಸ್ಸಿನಲ್ಲೇ ಬೇಡಿಕೊಂಡರು. ಬ್ಯಾನ್ ಮಾಡಲಿ, ಪೊಲೀಸಿಗೆ ಹೇಳಲಿ, ಕಿವುಡ ಅನ್ನಲಿ. ಎದುರಿಗೆ ನಿಂತು ಬೈದಾಡಬಹುದಿತ್ತು.

"ಸಾರಿ ಅಂಕಲ್" ಎಂದರು ಸುಧಾಮಣಿ. "ನಾನೇ ತಪ್ಪು ತಿಳ್ಕೊಂಡಿದ್ದೆ. ಅಷ್ಟೇನೂ ಸದ್ದಿಲ್ಲ. ನೀವು ಆಡ್ಸಿ, ಯಾರೂ ಏನೂ ಅನ್ನಲ್ಲ." ಹಿಂದಿದ್ದವರತ್ತ ತಿರುಗಿ ನೋಡಿದರು. ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು.

ಕೆರೆ ಉಳಿಯಿತು, ಕೆಂದ ನೀರಿನ ಮೇಲೇ ಉಳಿದ. ಚಿಕ್ಕಬೈರಪ್ಪನವರು ಸಿದ್ಧಾರ್ಥನ ಕಡೆ ತಿರುಗಿದರು.

"ನಿಜ ಹೇಳೋ. ಸದ್ದು ಜೋರಾಗಿದ್ಯಾ?"

ಸಿದ್ಧಾರ್ಥ ಹತ್ತಿರ ಬಂದ. ಅವರ ಕಿವಿಯ ಪಕ್ಕಕ್ಕೆ ಬಾಗಿ, ಯಾವತ್ತೂ ಮಾತಾಡದಷ್ಟು ಗಟ್ಟಿಯಾಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದ: "ಇಲ್ಲ, ಅಣ್ಣ. ಸದ್ದೇ, ಇಲ್ಲ."

ಅಳಿಯನಿಂದ ಹಿಡಿದು ಅಂಗಡಿಯವನವರೆಗೆ ಕಂಡವರನ್ನೆಲ್ಲ ಆಡಿಕೊಂಡು ಬದುಕಿದ್ದ ಚಿಕ್ಕಬೈರಪ್ಪನವರು, ದಡದಲ್ಲಿದ್ದವರಲ್ಲಿ ಯಾರಾದರೂ ಒಬ್ಬರು ಈಗ ಕಿಸಕ್ಕನೆ ನಗಲಿ ಎಂದು ಕಾದರು. ಯಾರೂ ನಗಲಿಲ್ಲ.