ಕೆಟ್ಟ ಅಕ್ಷರ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ಪೂರ್ತಿ ನನ್ನದು. ಯಾರೂ ಹೇಳಿಕೊಟ್ಟು ಮಾಡಿಸಿದ್ದಲ್ಲ.

ಬೀಜಿಂಗಿನ ಪೂರ್ವಕ್ಕಿರುವ ನಮ್ಮ ಕಲಾವಿದರ ಹಳ್ಳಿಯಲ್ಲಿ ಗಲ್ಲಿಯ ಕೊನೆಗೆ ಇದ್ದವರು ನಾವಿಬ್ಬರೇ. ಈ ಬದಿ ಚಿತ್ರ ಬರೆಯುವ ನಾನು, ಎದುರು ಬದಿ ಮಣ್ಣಿನ ಮೂರ್ತಿ ಮಾಡುವ ಲುವಾನ್ ಮೇಷ್ಟ್ರು. ಅವರು ಎರಡು ವರ್ಷದಿಂದ ಒಂದೇ ಮೂರ್ತಿಗೆ ಅಂಟಿಕೊಂಡಿದ್ದರು. ಅವರ ತೀರಿಹೋದ ತಾಯಿ ಮೊರದ ಮುಂದೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿರುವ ಮೂರ್ತಿ. ಇನ್ನೂ ಹಸಿ ಮಣ್ಣು. ಒಣಗಿದರೆ ಬಿರಿಯುತ್ತದೆ, ಅಲುಗಿಸಿದರೆ ಕುಸಿಯುತ್ತದೆ. ಮುಂದಿನ ತಿಂಗಳು ಅಚ್ಚು ತೆಗೆಯುವವರಿದ್ದರು.

ಆ ವಾರ ತಂಗಿಯ ಊರಿಗೆ ಹೊರಟಾಗ ಬೀಗದ ಕೈ ನನಗೆ ಕೊಟ್ಟರು. “ರುಯಿ, ದಿನಾ ಎರಡು ಸಲ ಮೂರ್ತಿಗೆ ಸುತ್ತಿರೋ ಬಟ್ಟೆ ಒದ್ದೆ ಮಾಡು. ಅಮ್ಮಂಗೆ ಬಾಯಾರಬಾರದು. ಸೋಮವಾರ ಬಂದ್ಬಿಡ್ತೀನಿ” ಎಂದರು.

ಶುಕ್ರವಾರ, ಶನಿವಾರ ನಮ್ಮ ಹಳ್ಳಿಯಲ್ಲಿ ಎಲ್ಲರೂ ಬಾಗಿಲು ತೆರೆದಿಡುವ ಹಬ್ಬ. ನಗರದವರು ಬಸ್ಸು ತುಂಬಿಕೊಂಡು ಬರುತ್ತಾರೆ. ಆದರೆ ನಮ್ಮ ಗಲ್ಲಿಗೆ ಯಾರು ಬರುತ್ತಾರೆ? ಹೋದ ವರ್ಷ ಬಂದದ್ದು ಶೌಚಾಲಯ ಹುಡುಕಿಕೊಂಡು ಬಂದ ಒಂದು ಸಂಸಾರ ಮಾತ್ರ. ಜನ ಮುಗಿಬೀಳುವುದು ಮುಂದಿನ ಬೀದಿಯಲ್ಲಿ. ಅಲ್ಲಿ ಗೋಡೆಯ ಮೇಲೆ ಕೆಂಪು ವೃತ್ತದೊಳಗೆ ಸರ್ಕಾರದವರು ಬರೆದ ‘ಕೆಡವು’ ಎಂಬ ಅಕ್ಷರವಿದೆ. ಆ ಅಕ್ಷರ ಬಿದ್ದ ಗೋಡೆ ಹೆಚ್ಚು ದಿನ ಉಳಿಯುವುದಿಲ್ಲ. ನಾಳೆ ಇಲ್ಲವಾಗುವ ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದೆಂದರೆ ನಗರದವರಿಗೆ ಪ್ರಾಣ.

ಗುರುವಾರ ಮಧ್ಯಾಹ್ನ ನಾನು ಕೆಂಪು ಬಣ್ಣದ ಡಬ್ಬಿ ತೆಗೆದುಕೊಂಡು ಎದುರಿನ ಗೋಡೆಗೆ ಹೋದೆ. ಮೇಷ್ಟ್ರ ಗೋಡೆ. ಅಲ್ಲಿ ಫೋಟೊ ತೆಗೆಸಿಕೊಂಡು ತಿರುಗಿದರೆ ಕಣ್ಣಿಗೆ ಬೀಳುವುದು ನನ್ನ ಬಾಗಿಲು, ಅದೇ ಲೆಕ್ಕಾಚಾರ. ಸೋಮವಾರದೊಳಗೆ ಬೂದುಬಣ್ಣ ಬಳಿದುಬಿಟ್ಟರಾಯಿತು ಅಂದುಕೊಂಡೆ. ಅಂಥ ಅಕ್ಷರ ಬರೆಯುವವರು ಅಂದಕ್ಕೆ ಬರೆಯುವುದಿಲ್ಲ, ಗೀಚಿ ಹೋಗುತ್ತಾರೆ. ಅದಕ್ಕೇ ಎಡಗೈಯಲ್ಲಿ ಬರೆದೆ. ವೃತ್ತ ಸೊಟ್ಟಗಾಯಿತು, ಬಣ್ಣ ಕೆಳಗೆ ಇಳಿಯಿತು. ದೂರ ನಿಂತು ನೋಡಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆಮೇಲೆ ಒಳಗೆ ಹೋಗಿ ಅಮ್ಮನ ಬಟ್ಟೆ ಒದ್ದೆ ಮಾಡಿದೆ.

ಜನ ಬಂದರು, ಸಾಲು ನಿಂತರು. ನನ್ನ ದೊಡ್ಡ ಚಿತ್ರ ಹೋಯಿತು. ಶನಿವಾರ ಸಂಜೆ ಅದನ್ನು ಕೊಂಡವರ ಮನೆಗೆ ತಲುಪಿಸಲು ನಗರಕ್ಕೆ ಹೋಗಿ ಗೆಳತಿಯ ಮನೆಯಲ್ಲೇ ಉಳಿದೆ.

ಭಾನುವಾರ ಬೆಳಿಗ್ಗೆ ಬೂದುಬಣ್ಣದ ಡಬ್ಬಿ ಹಿಡಿದು ಗಲ್ಲಿಗೆ ತಿರುಗಿದರೆ ಮೇಷ್ಟ್ರ ಬಾಗಿಲಲ್ಲಿ ಮೂರು ಗಾಲಿಯ ಗಾಡಿ ನಿಂತಿತ್ತು.

“ಬಂದ್ಯಾ? ತಂಗಿ ಗಂಡನ ಹತ್ರ ಜಗಳ ಆಡ್ಕೊಂಡು ನಿನ್ನೆ ರಾತ್ರೀನೇ ಬಂದೆ. ಜಗಳ ಆಡಿದ್ದೇ ಒಳ್ಳೇದಾಯ್ತು ನೋಡು” ಎಂದರು ಮೇಷ್ಟ್ರು. ಮೊಣಕೈವರೆಗೆ ಮಣ್ಣು ಮೆತ್ತಿತ್ತು. ನಾನು ಒಳಗೆ ಇಣುಕಿದೆ. ಪೀಠದ ಮೇಲೆ ಏನೂ ಇರಲಿಲ್ಲ. ಗೋಡೆಗೆ ಒರಗಿಸಿದ ಮೂಟೆಗಳಿದ್ದವು.

“ಮೇಷ್ಟ್ರೇ, ಅಮ್ಮ?”

“ಮೂಟೆಯಲ್ಲಿದ್ದಾರೆ” ಎಂದು ನಗಲು ನೋಡಿದರು. “ನನ್ನ ಗೋಡೆಗೆ ಆ ಅಕ್ಷರ ಬೀಳ್ತಿರೋದು ಇದು ನಾಲ್ಕನೇ ಸಲ ಕಣೇ. ಹೋದ ಸಲ ಕಾದೆ, ಕೇಳ್ದೆ, ಕಾಲಿಗೆ ಬಿದ್ದೆ. ನನ್ನ ಕಣ್ಣೆದುರಿಗೇ ಮೂರ್ತಿಗಳ ಮೇಲೆ ಮಷೀನು ಹತ್ತಿಸಿದ್ರು. ಅಮ್ಮನ ಮೇಲೆ ಹತ್ತೋದು ಬೇಡ ಅಂತ ನಾನೇ ಕೆಡವ್ದೆ. ಮಣ್ಣಾದ್ರೂ ಜೊತೇಲಿ ಬರುತ್ತೆ.”

“ಮನೆ ಮಾಲೀಕನ್ನ ಒಂದು ಮಾತು ಕೇಳ್ಬಾರ್ದಿತ್ತಾ?”

“ಫೋನ್ ಎತ್ತಲಿಲ್ಲ. ಹೋದ ಸಲದವನೂ ಎತ್ತಿರಲಿಲ್ಲ.”

ಅಲ್ಲೇ ನೆಲದಲ್ಲಿ ಹೂತುಹೋಗಬಾರದೇ ಅನ್ನಿಸಿತು. ಆದರೂ ಹೇಳಿದೆ, ಹೇಳಿದ್ದಂತೂ ನಿಜ.

“ಮೇಷ್ಟ್ರೇ, ಅದು ಸುಳ್ಳು. ಗೋಡೆ ಮೇಲೆ ಬರೆದೋಳು ನಾನು. ಜನ ಬರಲಿ ಅಂತ.”

ಅವರು ಕೈ ಒರೆಸಿಕೊಂಡು ಹೊರಗೆ ಬಂದರು. ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು. ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿ ನಿಂತೆ. ಮಣ್ಣಿನ ಕೈ ನನ್ನ ಭುಜದ ಮೇಲೆ ಬಂತು.

“ನನಗೆ ಸಮಾಧಾನ ಮಾಡೋಕೆ ಹೀಗೆಲ್ಲಾ ಹೇಳ್ಬೇಡ. ನಾಲ್ಕು ವರ್ಷದಿಂದ ನನ್ನ ಬಾಗಿಲಿಗೆ ಅಂಟಿಸೋ ಹೊಸವರ್ಷದ ಶುಭಾಶಯದ ಕೆಂಪು ಪಟ್ಟಿ ಬರ್ಕೊಡ್ತಿರೋಳು ನೀನು. ನಿನ್ನ ಕೈ ನಂಗೆ ಗೊತ್ತಿಲ್ವಾ? ಇಷ್ಟು ಕೆಟ್ಟದಾಗಿ ಬರೆಯೋಕೆ ನಿನ್ನ ಕೈಲಿ ಆಗಲ್ಲ, ಹುಚ್ಚಿ.”

“ಇಲ್ಲ ಮೇಷ್ಟ್ರೇ, ನಿಜವಾಗಿ...”

“ಸಾಕು. ಒಳ್ಳೆ ಹುಡುಗಿ ನೀನು. ಬಾ, ಕೈ ಹಾಕು. ಗಾಡಿಯವನು ಗೊಣಗ್ತಿದ್ದಾನೆ.”

ಎಡಗೈಯಲ್ಲಿ ಇನ್ನೊಂದು ಬರೆದು ತೋರಿಸಿದ್ದರೆ ಸಾಕಿತ್ತು. ಕೆಂಪು ಬಣ್ಣ ಹತ್ತು ಹೆಜ್ಜೆ ದೂರದಲ್ಲಿ ನನ್ನ ಕೋಣೆಯಲ್ಲೇ ಇತ್ತು. ಅವರು ಊರು ಬಿಡಬೇಕಾಗಿರಲಿಲ್ಲ, ಆ ಮಣ್ಣನ್ನು ಮತ್ತೆ ಅದೇ ಪೀಠದ ಮೇಲೆ ಏರಿಸಬಹುದಿತ್ತು. ಆದರೆ ಅವರು ಒಳ್ಳೆ ಹುಡುಗಿ ಎಂದಾಗ ನನಗೆ ಜೀವ ಬಂದಂತಾಗಿತ್ತು. ಹೇಳಿಯಾಯಿತಲ್ಲ, ಅವರು ನಂಬದಿದ್ದರೆ ನಾನೇನು ಮಾಡಲಿ ಎಂದು ಒಳಗಿನಿಂದ ಯಾರೋ ನನ್ನ ಪರವಾಗಿ ವಾದಿಸುತ್ತಿದ್ದರು.

ನಾನು ಬಗ್ಗಿ ಮೂಟೆಯ ಇನ್ನೊಂದು ತುದಿ ಹಿಡಿದೆ. ಇನ್ನೂ ಒದ್ದೆಯಾಗಿತ್ತು.